ಹಸಿಗಾಯಕ್ಕೆ ಹಸಿವೆಯೇ ಪಥ್ಯವೆ?

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಬ್ರೆಡ್ಡು, ಎರಡು ಪೊಟ್ಟಣ ಬಿಸ್ಕತ್ತು, ಕೈ ಸ್ವಲ್ಪ ಧಾರಾಳವಾಗಿದ್ದರೆ ಒಂದೆರಡು ಎಳನೀರು: ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಇದು ಬಹುಕಾಲದಿಂದ ನಡೆದುಬಂದ ಮರ್ಯಾದೆ. ಮನೆಯವರ ಪಾಲಿಗೆ ಗಂಜಿ ಕಾಯಿಸುವ ಕೆಲಸ. ಬೇಳೆ ಬೇಡ, ಬದನೆಕಾಯಿ ಬೇಡ, ಮೊಸರು ಬೇಡ, ಕಡಲೆಕಾಯಿಯ ಮಾತೇ ಇಲ್ಲ, ಮೊಟ್ಟೆಯನ್ನಂತೂ ಹೊಸಿಲು ದಾಟಿಸಬಾರದು. ಏಕೆಂದರೆ ಅವೆಲ್ಲ ‘ನಂಜು’. ಕಂಪ್ಲಿಯ ಕಬ್ಬಿನ ಗದ್ದೆಯಲ್ಲಿ ಮಚ್ಚಿನ ಏಟು ತಾಗಿ ಹೊಲಿಗೆ ಹಾಕಿಸಿಕೊಂಡವನಿಗೂ, ಸಂಡೂರಿನ ಅದಿರುಲಾರಿಗಳ ದಾರಿಯಲ್ಲಿ ಬಿದ್ದು ತೊಡೆಯ ಮೂಳೆಗೆ ಲೋಹದ ಸರಳು ಹಾಕಿಸಿಕೊಂಡವನಿಗೂ, ಹಂಪಿಯ ನುಣುಪುಗಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ಮುದುಕಿಗೂ ಪಥ್ಯ ಇದೊಂದೆ. ಗಾಯ ಒಣಗಬೇಕಾದರೆ ಹೊಟ್ಟೆಯೂ ಒಣಗಬೇಕೆಂಬುದು ಇದರ ಹಿಂದಿರುವ ನಂಬಿಕೆ.

ರೋಗಿಯ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ ಪಥ್ಯವಿದು, ಅದರಲ್ಲಿ ಸಂದೇಹವಿಲ್ಲ. ಆದರೆ ಅಕ್ಕರೆಯಿಂದ ಮಾಡಿದುದೆಲ್ಲ ಹಿತವಾಗಬೇಕೆಂದು ದೇಹಕ್ಕೆ ಕಟ್ಟುಪಾಡೇನೂ ಇಲ್ಲ. ಗಾಯ ಮಾಯುವುದೆಂದರೆ ಹೊಸ ಚರ್ಮ, ಹೊಸ ಮಾಂಸ, ಹೊಸ ರಕ್ತನಾಳಗಳು ಹುಟ್ಟಬೇಕು. ಮುರಿದ ಮೂಳೆಯಾದರೆ ಹೊಸ ಮೂಳೆ ಬೆಳೆಯಬೇಕು. ಬಿದ್ದ ಗೋಡೆಯನ್ನು ಕಟ್ಟುವವನಿಗೆ ಕಲ್ಲನ್ನೂ ಗಾರೆಯನ್ನೂ ಕೊಡದೆ ನೀರನ್ನು ಮಾತ್ರ ಹೊತ್ತುಕೊಟ್ಟರೆ ಅವನು ಏನು ಮಾಡಿಯಾನು? ಮನೆಯ ಇನ್ನೊಂದು ಗೋಡೆಯಿಂದ ಕಲ್ಲು ಕಿತ್ತು ತರುತ್ತಾನೆ. ದೇಹವೂ ಹಾಗೆಯೇ ಮಾಡುತ್ತದೆ.

ಈ ಸಂಗತಿಯನ್ನು ಮೊದಲು ತೂಕಮಾಡಿ ತೋರಿಸಿದವನು ಗ್ಲಾಸ್ಗೋ ನಗರದ ಡೇವಿಡ್ ಕತ್‌ಬರ್ಟ್‌ಸನ್ ಎಂಬ ವಿಜ್ಞಾನಿ. ೧೯೩೦ರ ದಶಕದ ಆರಂಭದಲ್ಲಿ ಅವನು ಕಾಲಿನ ಮೂಳೆ ಮುರಿದು ಮಲಗಿದ್ದವರ ಮೂತ್ರವನ್ನು ಪರೀಕ್ಷಿಸಿದಾಗ ಅದರಲ್ಲಿ ಸಾರಜನಕ ಅಳತೆಮೀರಿ ಹೊರಹೋಗುತ್ತಿತ್ತು. ಮುರಿದ ಮೂಳೆಯೊಂದರಿಂದಲೇ ಅಷ್ಟು ಬರುವಂತಿರಲಿಲ್ಲ. ದೇಹದ ಎಲ್ಲ ಸ್ನಾಯುಗಳೂ ಕರಗುತ್ತಿದ್ದವು. ಪೆಟ್ಟು ಬಿದ್ದ ದೇಹ ತನ್ನ ಮಾಂಸವನ್ನು ತಾನೇ ತಿಂದು ಗಾಯಕ್ಕೆ ಸಾಮಗ್ರಿ ಒದಗಿಸುತ್ತಿತ್ತೆಂದು ಇದರ ಅರ್ಥ. ೧೯೩೬ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ ಇನ್ನೂ ಕಠೋರವಾದ ಒಂದು ಲೆಕ್ಕವನ್ನು ಪ್ರಕಟಿಸಿದ. ಹೊಟ್ಟೆಯ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಅದಕ್ಕೆ ಮೊದಲೇ ತಮ್ಮ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದವರ ಪೈಕಿ ಮೂವರಿಗೊಬ್ಬರು ಸತ್ತಿದ್ದರು. ಉಳಿದವರಲ್ಲಿ ಸತ್ತವರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. ಕತ್ತಿ ಹಿಡಿದ ಕೈಯ ಕುಶಲತೆಯಷ್ಟೇ ರೋಗಿಯ ತಟ್ಟೆಯೂ ಮುಖ್ಯವೆಂಬುದು ಅಂದಿನಿಂದ ವೈದ್ಯರಿಗೆ ತಿಳಿದ ವಿಷಯ. ಅದು ಮನೆಮನೆಯ ಅಡಿಗೆಯೊಲೆಯವರೆಗೆ ಇನ್ನೂ ಬಂದು ಮುಟ್ಟಿಲ್ಲ.

ಲೆಕ್ಕವನ್ನು ಇಲ್ಲಿಯೇ ಮಾಡಿ ನೋಡಬಹುದು. ಆರೋಗ್ಯವಂತನಾದ ಭಾರತೀಯನಿಗೆ ದೇಹತೂಕದ ಪ್ರತಿ ಕಿಲೊಗ್ರಾಮಿಗೆ ದಿನವೊಂದಕ್ಕೆ ೦.೮೩ ಗ್ರಾಂ ಪ್ರೋಟೀನು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ೨೦೨೦ರಲ್ಲಿ ಗೊತ್ತುಮಾಡಿವೆ. ಐವತ್ತು ಕಿಲೊ ತೂಗುವವರಿಗೆ ಇದು ಸುಮಾರು ೪೨ ಗ್ರಾಂ. ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ೧.೨ರಿಂದ ೧.೫ ಗ್ರಾಮಿನವರೆಗೆ ಬೇಕೆಂಬುದು ಇಂದಿನ ವೈದ್ಯರ ಮತ. ಎಂದರೆ ಅದೇ ರೋಗಿಗೆ ೬೦ರಿಂದ ೭೫ ಗ್ರಾಂ. ಮಲಗಿದವನಿಗೆ ಕೆಲಸವಿಲ್ಲ, ಆದುದರಿಂದ ಊಟವೂ ಕಡಿಮೆ ಸಾಕೆಂಬ ಮಾತು ಎಷ್ಟು ತಪ್ಪೆಂಬುದು ಇಲ್ಲಿಯೇ ತಿಳಿಯುತ್ತದೆ. ಅವನ ಕೈಕಾಲಿಗೆ ಕೆಲಸವಿಲ್ಲದಿರಬಹುದು. ಒಳಗೆ ಹಗಲಿರುಳೂ ಕೆಲಸ ನಡೆದಿದೆ. ಇನ್ನು ನಮ್ಮ ಗಂಜಿಯ ಪಥ್ಯವನ್ನು ತೂಗೋಣ. ದಿನಕ್ಕೆ ನೂರೈವತ್ತು ಗ್ರಾಂ ಅಕ್ಕಿಯ ಗಂಜಿ, ಆರು ಬಿಸ್ಕತ್ತು, ಮೂರು ಲೋಟ ಚಹಾಕ್ಕೆ ಬಿದ್ದ ಹಾಲು, ಇವೆಲ್ಲ ಸೇರಿದರೂ ಪ್ರೋಟೀನು ಇಪ್ಪತ್ತು ಗ್ರಾಂ ದಾಟುವುದು ಕಷ್ಟ. ಎಳನೀರಿನಲ್ಲಿ ಅದು ಇಲ್ಲವೇ ಇಲ್ಲವೆಂದರೂ ನಡೆಯುತ್ತದೆ.

ಹಾಗಾದರೆ ನಂಜಿನ ಭಯ ಬರಿಯ ಭ್ರಮೆಯೆ? ಕನ್ನಡದಲ್ಲಿ ನಂಜು ಎಂದರೆ ವಿಷ. ವಿಷವನ್ನುಂಡ ಶಿವನೇ ನಂಜುಂಡ. ವಿಜಯನಗರದ ಆರಂಭಕಾಲದಲ್ಲಿ, ೧೪ನೆಯ ಶತಮಾನದಲ್ಲಿ, ಮಂಗರಾಜನೆಂಬ ಜೈನಕವಿ ‘ಖಗೇಂದ್ರಮಣಿದರ್ಪಣ’ವೆಂಬ ಇಡಿಯ ಗ್ರಂಥವನ್ನೇ ವಿಷವೈದ್ಯಕ್ಕಾಗಿ ಬರೆದಿಟ್ಟ. ಗಾಯ ಕೀತು ಜ್ವರವೇರಿ ಮನುಷ್ಯ ಸಾಯುವುದನ್ನು ಕಣ್ಣಾರೆ ಕಂಡ ಜನ ಅದನ್ನು ವಿಷವೇರಿತೆಂದುಕೊಂಡುದು ಸಹಜವೇ ಸರಿ. ಆ ವಿಷ ಹೊರಗಿನ ಕ್ರಿಮಿಗಳದೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಬ್ರಿಟನ್ನಿನ ಜೋಸೆಫ್ ಲಿಸ್ಟರನು ೧೮೬೭ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯ ತೊಳೆದು ಕೀವನ್ನು ತಡೆಗಟ್ಟುವ ದಾರಿಯನ್ನು ಪ್ರಕಟಿಸುವವರೆಗೆ ಯುರೋಪಿನವರಿಗೂ ಇದು ಸರಿಯಾಗಿ ಗೊತ್ತಿರಲಿಲ್ಲ. ಕೀವಿಗೆ ಕಾರಣ ಬದನೆಕಾಯಿಯಲ್ಲ. ತೊಳೆಯದ ಕೈ, ಒದ್ದೆಯಾದ ಪಟ್ಟಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬಿಡದ ಬೀಡಿ. ಕೆಲವರಿಗೆ ಕೆಲವು ಪದಾರ್ಥ ತಿಂದರೆ ಮೈ ಕೆರೆಯುವುದುಂಟು. ಅಂಥವರು ಅದೊಂದನ್ನು ಬಿಟ್ಟರೆ ಸಾಕು.

ಬದನೆಕಾಯಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಪಥ್ಯದ ಮಾತು ಬಂದಾಗಲೆಲ್ಲ ಹಿರಿಯರು ಆಯುರ್ವೇದದ ಹೆಸರೆತ್ತುತ್ತಾರೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತೊಂಬತ್ತನೆಯ ಅಧ್ಯಾಯವು ಗಾಯಗೊಂಡವನ ಉಪಚಾರಕ್ಕೇ ಮೀಸಲಾಗಿದೆ. ಅಲ್ಲಿ ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ, ಮೊಸರು ಮೊದಲಾದುವಕ್ಕೆ ನಿಷೇಧವೇನೋ ಉಂಟು. ಆದರೆ ಬೇಡವೆಂದಷ್ಟಕ್ಕೇ ಸುಶ್ರುತ ಸುಮ್ಮನಾಗಲಿಲ್ಲ. ಹಳೆಯ ಅಕ್ಕಿಯ ಬಿಸಿಯನ್ನ, ತುಪ್ಪ, ಕಾಡುಮೃಗದ ಮಾಂಸ, ಹೆಸರುಕಾಳಿನ ರಸ, ಕೀರೆಸೊಪ್ಪು, ಎಳೆಮೂಲಂಗಿ, ಪಡವಲ, ಹಾಗಲ, ದಾಳಿಂಬೆ, ನೆಲ್ಲಿಕಾಯಿ, ಇವೆಲ್ಲವನ್ನೂ ತಟ್ಟೆಗೆ ಬಡಿಸಿದ್ದಾನೆ. ಬದನೆಕಾಯಿಯೂ ಆ ಪಂಕ್ತಿಯಲ್ಲಿದೆ! ಒಂದು ಕೈಯಿಂದ ತೆಗೆದುದಕ್ಕೆ ಇನ್ನೊಂದು ಕೈಯಿಂದ ಕೊಟ್ಟವನು ಅವನು. ನಮ್ಮ ಮನೆಗಳಲ್ಲಿ ತೆಗೆಯುವ ಕೈ ಉಳಿದುಕೊಂಡಿತು, ಕೊಡುವ ಕೈಯನ್ನು ಮರೆತದ್ದಾಯಿತು.

ಕೊಡುವುದಕ್ಕೆ ಈ ಸೀಮೆಯಲ್ಲಿ ಏನು ಕೊರತೆ? ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಪೇಟೆಗಳಲ್ಲಿ ಅಕ್ಕಿ, ಜೋಳ, ಹೆಸರು, ಹುರುಳಿ, ನಿಂಬೆ, ದ್ರಾಕ್ಷಿ, ದಾಳಿಂಬೆ, ಬದನೆಗಳ ರಾಶಿಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಆ ಕಾಲದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹೊಸಪೇಟೆ, ಕಮಲಾಪುರ, ಹಂಪಿಗಳ ಬಾಳೆಯ ತೋಟಕ್ಕೂ ಕಬ್ಬಿಗೂ ನೀರುಣಿಸುತ್ತಿವೆ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ನೀರು ನಿಂತ ಮೇಲೆ ಜೋಳದ ನೆಲವೆಷ್ಟೋ ಭತ್ತದ ಗದ್ದೆಯಾಯಿತು. ಕಂಪ್ಲಿಯ ಸುತ್ತ ಅಕ್ಕಿಯ ಗಿರಣಿಗಳೆದ್ದವು. ಅದು ಸಂಪತ್ತೇ ಸರಿ. ಆದರೆ ಗಿರಣಿಯಲ್ಲಿ ಹೊಳಪೇರಿದ ಬಿಳಿಯಕ್ಕಿ ತನ್ನ ತೌಡನ್ನೂ ಅದರೊಡನೆ ‘ಬಿ’ ಜೀವಸತ್ವದ ಬಹುಪಾಲನ್ನೂ ಅಲ್ಲಿಯೇ ಬಿಟ್ಟು ಬರುತ್ತದೆ. ಹಿಂದೆ ರೋಗಿಗೆ ಜೋಳದ ನುಚ್ಚು ಮಜ್ಜಿಗೆ ಕೊಡುತ್ತಿದ್ದ ಮನೆಗಳು ಇಂದು ಬಿಳಿಯಕ್ಕಿಯ ತಿಳಿಗಂಜಿ ಕೊಡುತ್ತಿವೆ. ಜೋಳ ಬಡವರ ಅನ್ನ, ಕಾಯಿಲೆಯವರಿಗೆ ಜಡ ಎಂದು ಅದಕ್ಕೊಂದು ಕೆಟ್ಟ ಹೆಸರು ಬೇರೆ. ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಮಿನಷ್ಟು ಪ್ರೋಟೀನಿದೆ, ಅಕ್ಕಿಯಲ್ಲಿ ಏಳೆಂಟು. ನಾರಂತೂ ಜೋಳದಲ್ಲಿ ಬಹಳ ಹೆಚ್ಚು.

ಬಳ್ಳಾರಿ ಸೀಮೆಯ ಸಾಧಾರಣ ಅಡಿಗೆಯಿಂದಲೇ ದಿನದ ಲೆಕ್ಕ ತುಂಬುತ್ತದೆ. ದಿನವಿಡೀ ಸೇರಿ ಇನ್ನೂರು ಗ್ರಾಂ ಜೋಳದ ಹಿಟ್ಟಿನ ಮೆತ್ತನೆಯ ರೊಟ್ಟಿ ಅಥವಾ ಅಷ್ಟೇ ನುಚ್ಚು, ಎಪ್ಪತ್ತೈದು ಗ್ರಾಂ ತೊಗರಿ ಇಲ್ಲವೆ ಹೆಸರಿನ ಗಟ್ಟಿಬೇಳೆ, ಹಾಲು ಮೊಸರು ಸೇರಿ ಅರ್ಧ ಲೀಟರು, ಒಂದು ಹಿಡಿ ಶೇಂಗಾದ ಪುಡಿ, ಇಷ್ಟರಲ್ಲಿ ಸುಮಾರು ಅರವತ್ತು ಗ್ರಾಂ ಪ್ರೋಟೀನು ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆ ಬೇಯಿಸಿ ಕೊಟ್ಟರೆ ಮತ್ತೆ ಹನ್ನೆರಡು ಗ್ರಾಂ. ತಿನ್ನದವರಿಗೆ ಮೊಳಕೆ ಬರಿಸಿದ ಮಡಿಕೆಕಾಳನ್ನೋ ಹೆಸರನ್ನೋ ಬೇಯಿಸಿ ಒಗ್ಗರಣೆ ಹಾಕಿದರಾಯಿತು. ಹಲ್ಲಿಲ್ಲದ ಹಿರಿಯರಿಗೆ ಬಿಸಿರೊಟ್ಟಿಯನ್ನು ಬೇಳೆಯಲ್ಲಿ ಮುರಿದು ನೆನೆಯಿಟ್ಟು ಕಲಸಿಕೊಟ್ಟರೆ ಸಾಕು. ಈ ಕಡೆಯ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾದುದೇನೂ ಇಲ್ಲ. ಗಂಜಿಯೇ ಬೇಕೆಂದು ಹಠ ಹಿಡಿದ ರೋಗಿಗೆ ಗಂಜಿಯನ್ನೇ ಕೊಡಬಹುದು, ಅದರಲ್ಲಿ ಅರ್ಧಕ್ಕರ್ಧ ಹೆಸರುಬೇಳೆ ಬೇಯಿಸಿ ಮೇಲೆ ಒಂದು ಚಮಚ ತುಪ್ಪ ಹಾಕಿ.

ಪ್ರೋಟೀನು ಇಟ್ಟಿಗೆಯಾದರೆ ಅದನ್ನು ಬೆಸೆಯುವ ಗಾರೆಗೆ ‘ಸಿ’ ಜೀವಸತ್ವ ಬೇಕು. ಬಾಸ್ಟನ್ನಿನ ಜಾನ್ ಕ್ರ್ಯಾಂಡನ್ ಎಂಬ ತರುಣ ಶಸ್ತ್ರವೈದ್ಯನು ೧೯೩೯ರಲ್ಲಿ ತನ್ನ ಮೈಯ ಮೇಲೆಯೇ ಇದನ್ನು ಪರೀಕ್ಷಿಸಿಕೊಂಡ. ಹಣ್ಣು ತರಕಾರಿಗಳನ್ನು ಪೂರ್ತಿಯಾಗಿ ಬಿಟ್ಟು ಆರು ತಿಂಗಳು ಕಳೆದ. ಮೂರನೆಯ ತಿಂಗಳಲ್ಲಿ ಬೆನ್ನಿನ ಮೇಲೆ ಮಾಡಿಸಿಕೊಂಡ ಗಾಯ ಸರಿಯಾಗಿಯೇ ಮಾಯಿತು. ಆರನೆಯ ತಿಂಗಳಿನದು ಮಾಯಲಿಲ್ಲ. ‘ಸಿ’ ಜೀವಸತ್ವವನ್ನು ಚುಚ್ಚಿಸಿಕೊಂಡ ಮೇಲೆ ಕೂಡಿಕೊಂಡಿತು. ಬಾಸ್ಟನ್ನಿನ ಆ ಸಾಹಸ ನಮ್ಮವರಿಗೆ ಬೇಕಾಗಿಲ್ಲ. ಒಂದು ಸೀಬೆಹಣ್ಣು ಸಾಕು. ನೂರು ಗ್ರಾಮಿನಲ್ಲಿ ಇನ್ನೂರು ಮಿಲಿಗ್ರಾಮಿಗೂ ಮಿಗಿಲಾಗಿ ಆ ಸತ್ವವಿದೆ. ನೆಲ್ಲಿಕಾಯಿ, ನುಗ್ಗೆಸೊಪ್ಪು, ಊಟದ ಮೇಲೆ ಹಿಂಡಿದ ನಿಂಬೆ, ಇವೂ ಆಗಬಹುದು. ಹಣ್ಣೆಂದರೆ ಶೀತವೆಂದು ಹೆದರುವವರು ಮಧ್ಯಾಹ್ನದ ಬಿಸಿಲಿನಲ್ಲಾದರೂ ಕೊಡಲಿ.

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ರಾಶಿರಾಶಿಯಾಗಿದೆ. ಅದರ ಬುಡದ ಊರುಗಳಲ್ಲಿಯೂ ರಕ್ತಹೀನತೆಯ ಹೆಂಗಸರಿಗೆ ಬರವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹೋದ ರಕ್ತ ತಿರುಗಿ ಬರಬೇಕಾದರೆ ಸೊಪ್ಪು, ಕಾಳು, ಮಾಂಸ ತಿನ್ನುವವರಾದರೆ ಸ್ವಲ್ಪ ಮಾಂಸ ಬೇಕು. ಊಟವಾದೊಡನೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆಯ ರಸ ಅದನ್ನು ಹೆಚ್ಚಿಸುತ್ತದೆ. ಚಹಾವನ್ನು ಒಂದೆರಡು ಗಂಟೆ ತಡೆದರೆ ಖರ್ಚೇನೂ ಇಲ್ಲ. ಬೆಲ್ಲದಲ್ಲಿ ಕಬ್ಬಿಣವಿದೆಯೆಂದು ಅಚ್ಚುಗಟ್ಟಲೆ ತಿನ್ನಿಸುವುದು ಮಾತ್ರ ಸರಿಯಲ್ಲ. ಆಲೆಮನೆಯ ಬೆಲ್ಲವಾದರೆ ಸಕ್ಕರೆ ಕಾಯಿಲೆಯವರಿಗೂ ದೋಷವಿಲ್ಲವೆಂಬ ಮಾತು ಕಬ್ಬಿನ ಸೀಮೆಯಲ್ಲಿ ಕೇಳಿಬರುತ್ತದೆ. ರಕ್ತಕ್ಕೆ ಹೋದ ಮೇಲೆ ಬೆಲ್ಲವೂ ಸಕ್ಕರೆಯೇ, ಸಕ್ಕರೆಯೇರಿದ ರಕ್ತದಲ್ಲಿ ಗಾಯ ತಡವಾಗಿ ಮಾಯುತ್ತದೆ.

ಇಷ್ಟು ಊಟದ ಮಾತಾಯಿತು. ಎದ್ದು ಓಡಾಡಲಾರದವನ ಕಷ್ಟ ಊಟದಲ್ಲಿ ಮುಗಿಯುವುದಿಲ್ಲ. ಹೇಳಿಕೊಳ್ಳಲು ಯಾರಿಗೂ ಬಾಯಿ ಬಾರದ ಕಷ್ಟ ಅನಂತರ ಬರುತ್ತದೆ. ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾದ ತಾಯಿ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಬಾಯಾರಿಕೆಯಿಲ್ಲವೆನ್ನುತ್ತಾಳೆ. ನಿಜವಾದ ಕಾರಣ ಬೇರೆ: ರಾತ್ರಿ ಮೂತ್ರಕ್ಕೆಂದು ಸೊಸೆಯನ್ನು ಎಬ್ಬಿಸಬೇಕಲ್ಲಾ, ಮಗನ ಎದುರಿಗೆ ಮಂಚದ ಮೇಲೆಯೇ ಪಾತ್ರೆ ಇಡಿಸಿಕೊಳ್ಳಬೇಕಲ್ಲಾ ಎಂಬ ಸಂಕೋಚ. ಶೌಚಗೃಹ ಅಂಗಳದ ಆಚೆಯ ಮೂಲೆಯಲ್ಲಿರುವ ಮನೆಗಳಲ್ಲಿ ಈ ಸಂಕೋಚ ಇಮ್ಮಡಿಯಾಗುತ್ತದೆ. ಹೊಸಪೇಟೆಯ ವೈಶಾಖದ ಬಿಸಿಲಿನಲ್ಲಿ ಮೂರು ಲೋಟ ನೀರಿನಲ್ಲಿ ದಿನ ಕಳೆದರೆ ಮೂತ್ರ ಉರಿಯುತ್ತದೆ, ಸೋಂಕು ತಗಲುತ್ತದೆ, ಮುದುಕರಿಗೆ ಬುದ್ಧಿಭ್ರಮೆಯೂ ಆಗುವುದುಂಟು. ಆಗ ಮನೆಯವರು ವಯಸ್ಸಾಯಿತು, ಮರುಳು ಹಿಡಿಯಿತು ಎಂದುಕೊಳ್ಳುತ್ತಾರೆ. ಆಕೆಗೆ ಬೇಕಾಗಿದ್ದುದು ಒಂದು ತಂಬಿಗೆ ನೀರು, ಕೈಗೆಟಕುವ ಕಡೆ. ಮತ್ತು ಮಂಚಕ್ಕೊಂದು ಪರದೆ. ನಡುವೆ ತೂತಿರುವ ಶೌಚದ ಕುರ್ಚಿಗಳು ಈಗ ಔಷಧಿ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಊರಿನ ಬಡಗಿಯೂ ಒಂದನ್ನು ಮಾಡಿಕೊಟ್ಟಾನು.

ನೀರು ಬಿಟ್ಟವರಿಗೆ ಮಲಬದ್ಧತೆ ತಪ್ಪಿದ್ದಲ್ಲ. ಬಲವಾದ ನೋವಿನ ಗುಳಿಗೆಗಳೂ ಕಬ್ಬಿಣದ ಗುಳಿಗೆಗಳೂ ಕರುಳನ್ನು ಕಟ್ಟಿಹಾಕುತ್ತವೆ, ಮಲಗಿದ್ದರೆ ಅದು ಇನ್ನಷ್ಟು ಮಂದವಾಗುತ್ತದೆ. ಹೊಟ್ಟೆಗೆ ಹೊಲಿಗೆ ಬಿದ್ದವನು ತಿಣುಕಿದರೆ ಹೊಲಿಗೆಗೇ ಅಪಾಯ. ಹಲವರು ಇದಕ್ಕೆ ಹೆದರಿಯೇ ಊಟ ಬಿಡುತ್ತಾರೆ, ಊಟ ಬಿಟ್ಟುದರಿಂದ ಕರುಳು ಮತ್ತಷ್ಟು ಸುಮ್ಮನಾಗುತ್ತದೆ. ಜೋಳ, ಸೊಪ್ಪು, ಹೊಸಪೇಟೆಯ ಸುಗಂಧಿ ಬಾಳೆಹಣ್ಣು, ನೆನೆಸಿದ ಬಳ್ಳಾರಿಯ ಅಂಜೂರ ಇಲ್ಲಿ ಔಷಧಿಗಿಂತ ಮೇಲು. ಕರುಳಿಗೇ ಶಸ್ತ್ರಚಿಕಿತ್ಸೆಯಾಗಿದ್ದರೆ ಮಾತ್ರ ನಾರಿನ ಪದಾರ್ಥವನ್ನು ಯಾವಾಗ ಆರಂಭಿಸಬೇಕೆಂದು ಡಾಕ್ಟರರನ್ನೇ ಕೇಳಬೇಕು. ಮೂತ್ರಪಿಂಡದ ಬೇನೆಯುಳ್ಳವರು ಬೇಳೆ ಹೆಚ್ಚಿಸುವ ಮೊದಲು, ಹೃದಯದ ಬೇನೆಯವರು ನೀರು ಹೆಚ್ಚಿಸುವ ಮೊದಲು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆ ನುಂಗುವವರು ಸೊಪ್ಪನ್ನು ಒಮ್ಮೆಗೇ ಹೆಚ್ಚಿಸುವ ಮೊದಲು ಹೀಗೆಯೇ ಕೇಳಬೇಕಾದುದು ಅಗತ್ಯ.

ಉಣ್ಣುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಅಂಗಾತ ಮಲಗಿದವನ ಬಾಯಿಗೆ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಹೋಗಿ ಪುಪ್ಪುಸಕ್ಕೆ ಸೋಂಕು ತರಬಹುದು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಉಣ್ಣಿಸಿ, ಉಂಡ ಮೇಲೆ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ಹಸಿವು ಸತ್ತವನ ಮುಂದೆ ತುಂಬಿದ ತಟ್ಟೆ ಇಟ್ಟರೆ ನೋಡಿದೊಡನೆ ಬೇಸರ. ಅದನ್ನೇ ಆರು ಪಾಲು ಮಾಡಿ ಕೊಟ್ಟರೆ ಹೋಗುತ್ತದೆ. ಹಗಲೆಲ್ಲ ಮನೆಯವರು ಗದ್ದೆಗೋ ಗಣಿಗೋ ಹೋಗಿ ರೋಗಿ ಒಬ್ಬನೇ ಉಳಿಯುವ ಮನೆಗಳೇ ಹೆಚ್ಚು. ಅಂಥಲ್ಲಿ ಮಂಚದ ಪಕ್ಕದ ಸ್ಟೂಲೇ ಅಡಿಗೆಮನೆ. ಮುಚ್ಚಳ ಸುಲಭವಾಗಿ ತೆರೆಯುವ ಡಬ್ಬಿಯಲ್ಲಿ ಹುರಿದ ಶೇಂಗಾ, ಪುಠಾಣಿ, ಎರಡು ಬಾಳೆಹಣ್ಣು, ಮಜ್ಜಿಗೆ, ನೀರು. ಎಲ್ಲವೂ ರೋಗಿಯ ಗಟ್ಟಿಯಾದ ಕೈಯ ಕಡೆಗೆ ಇರಬೇಕು. ಎಡಮಗ್ಗುಲಿಗೆ ಹೊರಳಲಾರದವನ ಎಡಗಡೆಗೆ ನೀರಿಟ್ಟು ಹೋದ ಮನೆಗಳೂ ಇವೆ.

ಸ್ನಾಯುವಿನ ವಿಷಯದಲ್ಲಿ ಕಾಲ ಬಹಳ ನಿರ್ದಯ. ಅಮೆರಿಕದಲ್ಲಿ ೨೦೦೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸರಾಸರಿ ೬೭ ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ ಹನ್ನೊಂದು ಮಂದಿಯನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಲಾಯಿತು. ಆ ಹತ್ತು ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೊದಷ್ಟು ಮಾಂಸಖಂಡ ಕರಗಿತ್ತು. ಗಾಯವೂ ಇರಲಿಲ್ಲ, ಉಪವಾಸವೂ ಇರಲಿಲ್ಲ! ಎರಡೂ ಕೂಡಿದ ನಮ್ಮ ಅಜ್ಜನ ಗತಿಯನ್ನು ಊಹಿಸಬಹುದು. ಆದುದರಿಂದಲೇ ಬೇಳೆಯ ಜೊತೆಗೆ ಡಾಕ್ಟರರು ಹೇಳಿದ ಕಾಲುಮಡಿಸುವ, ಪಾದ ಆಡಿಸುವ ವ್ಯಾಯಾಮವೂ ನಡೆಯಬೇಕು. ಮಗ್ಗುಲು ಬದಲಿಸದೆ ಮಲಗಿದ್ದವನಿಗೆ ಬೆನ್ನಿನಲ್ಲಿ ಹಾಸಿಗೆಹುಣ್ಣಾದರೆ ಗಾಯ ಒಂದಿದ್ದುದು ಎರಡಾಗುತ್ತದೆ. ಗಾಯಗೊಂಡವನು ಹಗಲು ನಿದ್ರಿಸಬಾರದೆಂದು ಸುಶ್ರುತನೂ ಹೇಳಿದ್ದಾನೆ.

ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿಕೊಂಡ ಬಾಣಂತಿಯದು ಎಲ್ಲರಿಗಿಂತ ಕಠಿನವಾದ ಪಥ್ಯ. ಗಾಯದ ಪಥ್ಯವೂ ಬಾಣಂತನದ ಪಥ್ಯವೂ ಆಕೆಯ ಮೇಲೆ ಒಟ್ಟಿಗೇ ಬೀಳುತ್ತವೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಬೇಳೆ ತಿಂದರೆ ಮಗುವಿಗೆ ವಾಯು, ಸೊಪ್ಪು ತಿಂದರೆ ಭೇದಿ. ಉಳಿದದ್ದು ಅನ್ನ, ಬೆಳ್ಳುಳ್ಳಿ, ಮೆಣಸಿನ ಸಾರು. ತನ್ನ ಗಾಯಕ್ಕೂ ಮಗುವಿನ ಹಾಲಿಗೂ ಎರಡು ಪಾಲು ಬೇಕಾದವಳಿಗೆ ಅರ್ಧ ಪಾಲು. ಇದೇ ಬಾಣಂತನದಲ್ಲಿ ಶೇಂಗಾ, ಒಣಕೊಬ್ಬರಿ, ಅಂಟು, ಆಳ್ವಿ ಹಾಕಿ ಉಂಡೆ ಕಟ್ಟಿಕೊಡುವ ಒಳ್ಳೆಯ ಪದ್ಧತಿಯೂ ನಮ್ಮಲ್ಲಿದೆಯಲ್ಲ! ಅದನ್ನು ಉಳಿಸಿಕೊಂಡು ನೀರಿನ ನಿಷೇಧವನ್ನು ಬಿಟ್ಟರೆ ಅಜ್ಜಿಯ ಮಾತೂ ನಡೆದಂತಾಯಿತು, ಡಾಕ್ಟರರ ಮಾತೂ ನಡೆದಂತಾಯಿತು.

ಡಾಕ್ಟರರೂ ಒಂದು ಕಾಲಕ್ಕೆ ಉಪವಾಸದ ಪಕ್ಷದವರೇ ಆಗಿದ್ದರೆಂಬುದನ್ನು ಮರೆಯಬಾರದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವನಿಗೆ ಅಪಾನವಾಯು ಸರಿಯುವವರೆಗೆ ತೊಟ್ಟು ನೀರು ಸಹ ಕೂಡದೆಂಬ ಕಟ್ಟಪ್ಪಣೆ ಆಸ್ಪತ್ರೆಗಳಲ್ಲಿ ಬಹುದಿನ ನಡೆಯಿತು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಎಂಬ ಶಸ್ತ್ರವೈದ್ಯನು ೧೯೯೦ರ ದಶಕದಲ್ಲಿ ಅದನ್ನು ಪ್ರಶ್ನಿಸಿ, ಬೇಗ ಉಣ್ಣಿಸಿ ಬೇಗ ಎಬ್ಬಿಸಿದವರೇ ಬೇಗ ಮನೆಗೆ ಹೋಗುತ್ತಾರೆಂದು ತೋರಿಸಿದ. ಈಗ ವಿಶೇಷ ಕಾರಣವಿಲ್ಲದಿದ್ದರೆ ಮೊದಲ ದಿನದಲ್ಲಿಯೇ ಬಾಯಿಗೆ ಆಹಾರ ಕೊಡುವ ಪದ್ಧತಿ ಹರಡುತ್ತಿದೆ.

ಹೊಲಿಗೆ ಬಿಚ್ಚಿದ ದಿನವೇ ಗಾಯ ಮಾಯಿತೆಂದು ಬೇಳೆಯ ಪಾತ್ರೆಯನ್ನು ಒಳಗಿಡುವ ಮನೆಗಳುಂಟು. ಮೇಲಿನ ಚರ್ಮ ಕೂಡಿಕೊಂಡರೂ ಎರಡು ಮೂರು ವಾರಗಳಲ್ಲಿ ಆ ಜಾಗಕ್ಕೆ ಬರುವ ಬಲ ಮೊದಲಿನ ಐದನೆಯ ಒಂದು ಪಾಲು ಮಾತ್ರ; ನೂರಕ್ಕೆ ಎಂಬತ್ತರಷ್ಟು ಬರಲು ಮೂರು ತಿಂಗಳು ಹಿಡಿಯುತ್ತದೆ. ತೊಡೆಯ ಮೂಳೆ ಕೂಡಿಕೊಳ್ಳಲೂ ಹೆಚ್ಚು ಕಡಿಮೆ ಅಷ್ಟೇ ಕಾಲ ಬೇಕು, ಕರಗಿದ ತೊಡೆ ತುಂಬಿಕೊಳ್ಳಲು ಅದಕ್ಕಿಂತ ಹೆಚ್ಚು. ಮುಂಗಾರಿನಲ್ಲಿ ಬಿದ್ದು ಕಾಲು ಮುರಿದುಕೊಂಡವನಿಗೆ ದೀಪಾವಳಿಯವರೆಗೂ ಆ ಹೆಚ್ಚಿನ ಬೇಳೆ, ಹಾಲು, ಮೊಟ್ಟೆ ನಡೆಯುತ್ತಿರಬೇಕು.